ಬೇವಿನೆಣ್ಣೆಗೆ ಯಾವ ಸೋಪು? 28 ಮತ್ತು 70ರ ಲೆಕ್ಕ

“ತಮ್ಮಾ, ಬೇವಿನೆಣ್ಣಿ ನೀರಾಗ ಕೂಡವಲ್ದು. ಮೀರಜದಿಂದ ನೊರಿ ಬರೋ ಪೇಸ್ಟ್ ತಂದೀನಿ, ಡಬ್ಬಿ ಮ್ಯಾಲ 70 ಅಂತ ಐತಿ. ಪಂಪಿಗೆ ಎಷ್ಟ ಹಾಕ್ಲಿ?”

ನಮ್ಮ ಉಗಾರ ಖುರ್ದದಲ್ಲಿ ಪಕ್ಕದ ಹೊಲದ ಕಾಕಾ ಕಳೆದ ವಾರ ಕೇಳಿದ ಪ್ರಶ್ನೆ ಇದು. “ಸದ್ಯ ಹಾಕಬ್ಯಾಡ್ರಿ ಕಾಕಾ” ಅಂದೆ. ಯಾಕಂದ್ರೆ ಇದೇ ಪೇಸ್ಟಿನಿಂದ ನಾನು ಒಮ್ಮೆ ಬದನೆ ಸುಟ್ಟುಕೊಂಡವನು.

ಅದರ ಹೆಸರು ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್, ಅಂಗಡಿಯವರ ಬಾಯಲ್ಲಿ ಎಸ್‌ಎಲ್‌ಇಎಸ್. ಪಾತ್ರೆ ತೊಳೆಯುವ ಲಿಕ್ವಿಡ್, ಶಾಂಪೂಗಳಲ್ಲಿ ನೊರೆ ಬರಿಸುವುದು ಬಹುಮಟ್ಟಿಗೆ ಇದೇ. ಇದರ ಕಣದ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹಾಗಾಗಿ ಎಣ್ಣೆ ಸಣ್ಣ ಹನಿಗಳಾಗಿ ನೀರಲ್ಲಿ ಬೆರೆಯುತ್ತದೆ. ಪೇಟೆಯಲ್ಲಿ ಎರಡು ದರ್ಜೆ ಸಿಗುತ್ತವೆ: ಸುಮಾರು ಶೇ. 28ರ ತೆಳು ದ್ರವ, ಶೇ. 70ರ ಗಟ್ಟಿ ಪೇಸ್ಟ್. ಡಬ್ಬಿಯ ಮೇಲಿನ ಅಂಕಿ ಅಂದ್ರೆ ಅಷ್ಟು ಭಾಗ ಅಸಲಿ ವಸ್ತು, ಉಳಿದದ್ದು ಹೆಚ್ಚೂಕಡಿಮೆ ನೀರು. ಒಂದು ಅಕ್ಷರ ಕಡಿಮೆ ಇರುವ ಎಸ್‌ಎಲ್‌ಎಸ್ ಬೇರೆಯೇ ವಸ್ತು. ಪುಡಿಯಾಗಿ ಬರುತ್ತದೆ, ಇನ್ನೂ ಖಡಕ್.

ನಾನು ಲೀಟರಿಗೆ 2 ಮಿ.ಲೀ. ದ್ರವ ಹಾಕುತ್ತಿದ್ದೆ. ಅಸಲಿ ವಸ್ತು 0.56 ಗ್ರಾಂ ಆಯಿತು. ದ್ರವ ಮುಗಿದಾಗ ಪೇಸ್ಟ್ ತಂದು ಅದೇ ಅಳತೆಯಲ್ಲಿ 2 ಗ್ರಾಂ ಹಾಕಿದೆ. 1.4 ಗ್ರಾಂ, ಅಂದ್ರೆ ಎರಡೂವರೆ ಪಟ್ಟು! ತೋಟಗಾರಿಕೆ ಪದವಿ ಓದಿದವನಿಗೆ ಇಷ್ಟು ಗುಣಾಕಾರ ಹೊಳೆಯಲಿಲ್ಲ. ಮೇಲಾಗಿ ಹನ್ನೊಂದು ಗಂಟೆ ಬಿಸಿಲಲ್ಲಿ ಹೊಡೆದೆ. ಎಲೆಯ ಮೇಣದ ಪದರ ಹೋಗಿ, ಮೂರನೇ ದಿನಕ್ಕೆ ಎಳೆ ಎಲೆಗಳ ಅಂಚು ಸುಟ್ಟ ಹಪ್ಪಳ. ಎರಡು ಸಾಲಿನ ಹೂವು ಉದುರಿತು.

ಮನೆ ಬಳಕೆಗೆ ಪೇಸ್ಟನ್ನು 28ಕ್ಕೆ ಇಳಿಸಬೇಕಾದರೆ 400 ಗ್ರಾಂ ಪೇಸ್ಟಿಗೆ 600 ಗ್ರಾಂ ನೀರು. ಪೇಸ್ಟ್ ಮೇಲೆ ನೀರು ಸುರಿಯಬೇಡಿ. ನಡುವಿನ ಸಾಂದ್ರತೆಯಲ್ಲಿ ಅದು ತೆಳುವಾಗುವ ಬದಲು ಕಲ್ಲಿನಂಥ ಜೆಲ್ ಆಗುತ್ತದೆ. ನೀರಿಗೆ ತುಸುತುಸು ಪೇಸ್ಟ್ ಹಾಕಿ, ನೊರೆ ಏಳದಂತೆ ತಿರುವಿ, ರಾತ್ರಿಯಿಡೀ ಬಿಡಿ. ಕೈಗವಸು, ಕನ್ನಡಕ ಇರಲಿ.

ಬೆಳೆಗೆ ಮಾತ್ರ ಈಗ ನಾನು ಇದನ್ನು ಮುಟ್ಟುವುದಿಲ್ಲ. ಸಾವಯವ ಪ್ರಮಾಣಪತ್ರದ ಎನ್‌ಪಿಒಪಿ ನಿಯಮದಲ್ಲಿ ಒಪ್ಪಿಗೆ ಇರುವುದು ಪೊಟ್ಯಾಸಿಯಂನ ಮೃದು ಸೋಪಿಗೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1–2 ಗ್ರಾಂ ಸೋಪು. ಮೊದಲು ಎಣ್ಣೆಗೆ ಸೋಪು ಕಲಸಿ, ಆಮೇಲೆ ನೀರು. ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ನೋಡಿ, ಆಮೇಲೆ ಸಂಜೆ ಹೊತ್ತು ಇಡೀ ಹೊಲಕ್ಕೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಸಿಕ್ಕರೆ ಈ ಕಲಸಾಟವೇ ಬೇಡ. ಪ್ರಮಾಣಪತ್ರ ಇದ್ದವರು ತಪಾಸಣೆ ಸಂಸ್ಥೆಯನ್ನು ಒಂದು ಮಾತು ಕೇಳಿ ತನ್ನಿ.

ಮೃದು ಸೋಪಿಗೂ ಒಂದು ತಕರಾರಿದೆ. ಸವಳು ಬೋರಿನ ನೀರಿನ ಸುಣ್ಣದ ಅಂಶ ಸೇರಿದರೆ ಅದು ಮೊಸರಿನಂತೆ ಒಡೆಯುತ್ತದೆ. ಎಸ್‌ಎಲ್‌ಇಎಸ್ ಅಂಥ ನೀರಲ್ಲೂ ನಡೆಯುತ್ತದೆ, ಅದಕ್ಕೇ ಜನ ಅದರ ಕಡೆ ಹೋಗುವುದು. ಮದ್ದು ಸುಲಭ: ಬಾಟಲಿಯಲ್ಲಿ ಕಲಸಿ ಅರ್ಧ ತಾಸು ಇಡಿ. ಎಣ್ಣೆ ಮೇಲೆ ತೇಲಿದರೆ ನೀರು ಬದಲಿಸಿ, ಸೋಪು ಹೆಚ್ಚಿಸಬೇಡಿ.

ಕಾಕಾ ನಿನ್ನೆ ಎರಡು ಬಾಟಲಿ ಹಿಡಿದು ಬಂದಿದ್ದರು. ಬೋರಿನ ನೀರು ಒಡೆದಿತ್ತು, ಕೃಷ್ಣಾ ನದಿ ನೀರಿನದು ಹಾಲಿನಂತೆ ಬೆಳ್ಳಗಿತ್ತು. ಪೇಸ್ಟನ್ನು ಕಾಕು ಪಾತ್ರೆ ತಿಕ್ಕಲು ಒಳಗೆ ಒಯ್ದಿದ್ದಾರಂತೆ.