ನಮ್ಮ ವರದಾ ಕಣಿವೆ ಮತ್ತು ಸಂಕದ ಹತ್ತಿರದ ಕಲ್ಲು



ಸಮಾಜ ವಿಜ್ಞಾನದಲ್ಲಿ ನಾವೆಲ್ಲ ನದಿ ಕಣಿವೆಯ ನಾಗರಿಕತೆಗಳ ಬಗ್ಗೆ ಓದಿದ್ದೇವೆ. ನೈಲ್ ನದಿ, ಸಿಂಧೂ ನದಿ ಎಲ್ಲ ಬಾಯಿಪಾಠ ಆಗಿದೆ. ಒಂದು ದಿನ ಮೇಷ್ಟ್ರು, "ಸರಿ, ನಮ್ಮ ಉಳವಿ ಯಾವ ನದಿಯ ಕಣಿವೆಯಲ್ಲಿದೆ?" ಅಂತ ಕೇಳಿದರು. ಯಾರೂ ಕೈ ಎತ್ತಲಿಲ್ಲ. ನಾನು ಧೈರ್ಯ ಮಾಡಿ "ತುಂಗಭದ್ರಾ" ಅಂದೆ. ಮೇಷ್ಟ್ರು ನಕ್ಕು, "ತಪ್ಪಲ್ಲ, ಆದರೆ ಮಧ್ಯದಲ್ಲಿ ಒಬ್ಬಳನ್ನು ಬಿಟ್ಟುಬಿಟ್ಟೆ" ಅಂದರು. ನಾನು ಬಿಟ್ಟವಳು ವರದೆ.

ದಸರಾ ರಜದಲ್ಲಿ ಮಾವನ ಜೊತೆ ವರದೆಯ ದಾರಿ ಹಿಡಿದು ಹೋಗಿ ನೋಡಿಕೊಂಡು ಬಂದೆ. ನೋಡಿದ್ದು, ಕೇಳಿದ್ದು, ಮೇಷ್ಟ್ರು ಆಮೇಲೆ ತಿದ್ದಿ ಹೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಹೊರಗಿನವರಿಗೆ ಉಳವಿ ಅಂದರೆ "ಚೆನ್ನಬಸವಣ್ಣನ ಉಳವಿಯಾ?" ಅಂತ ಕೇಳುತ್ತಾರೆ. ಆ ಉಳವಿ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನದು. ನಮ್ಮದು ಸೊರಬ ತಾಲ್ಲೂಕಿನ ಉಳವಿ.

ನೀರು ಎಲ್ಲಿಂದ, ಎಲ್ಲಿಗೆ?

ವರದಾ ನದಿ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಇಕ್ಕೇರಿಗೆ ಹತ್ತಿರ. ಅಲ್ಲಿ ದೊಡ್ಡ ನದಿ ಕಾಣುತ್ತದೆ ಅಂದುಕೊಂಡು ಹೋದರೆ ಹಳೇ ದೇವಸ್ಥಾನ, ಕಲ್ಲು ಕಟ್ಟಿದ ಕೊಳ, ಸುತ್ತ ಮರಗಳು ಅಷ್ಟೇ. "ಇದೇನಾ ಮಾವ?" ಅಂದೆ. "ನೀನೂ ಹುಟ್ಟುವಾಗ ಇಷ್ಟುದ್ದ ಇರಲಿಲ್ಲ ಕಣೇ" ಅಂದರು.

ಇಲ್ಲಿ ಒಂದು ಆಶ್ಚರ್ಯ ಇದೆ. ಸಾಗರ ತಾಲ್ಲೂಕಿನಲ್ಲೇ ಶರಾವತಿಯೂ ಹರಿಯುತ್ತದೆ. ಶರಾವತಿ ಪಶ್ಚಿಮಕ್ಕೆ ಹೋಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ವರದೆ ಉತ್ತರಕ್ಕೂ ಆಮೇಲೆ ಪೂರ್ವಕ್ಕೂ ಹೋಗುತ್ತದೆ. ಇದಕ್ಕೆ ಕಾರಣ ನೆಲದ ಏರು. ಮನೆಯ ಮಾಡಿನ ಮೇಲೆ ಬಿದ್ದ ಮಳೆ ಕೋಳಿನ ಆಚೆಗೆ ಅರ್ಧ, ಈಚೆಗೆ ಅರ್ಧ ಇಳಿಯುವುದಿಲ್ಲವೇ? ಹಾಗೆಯೇ ಇದು. ಒಂದೇ ಮೋಡದ ನೀರು ಎರಡು ಸಮುದ್ರಕ್ಕೆ ಹಂಚಿಹೋಗುತ್ತದೆ.

ವರದೆಯ ದಾರಿ ಹೀಗಿದೆ: ವರದಾಮೂಲ, ಚಂದ್ರಗುತ್ತಿಯ ಕಡೆ, ಬನವಾಸಿ, ಆಮೇಲೆ ಹಾವೇರಿ ಜಿಲ್ಲೆ. ಅಲ್ಲಿ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಸೊರಬದ ರಂಗನಾಥ ದೇವಸ್ಥಾನದ ಪಕ್ಕ ಹರಿಯುವ ದಂಡಾವತಿಯೂ ವರದೆಯ ಉಪನದಿ. ಸೇರಿದ ನೀರು ಹೊಸಪೇಟೆಯ ಅಣೆಕಟ್ಟಿಗೆ ಹೋಗಿ, ಹಂಪಿಯನ್ನು ದಾಟಿ, ಕೃಷ್ಣೆಗೆ ಸೇರಿ, ಆಂಧ್ರಪ್ರದೇಶದಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನಮ್ಮ ಗದ್ದೆಯ ಹಾಳಿ ಒಡೆದಾಗ ಹಳ್ಳಕ್ಕೆ ಓಡುವ ನೀರು ಇಷ್ಟು ದೂರ ಹೋಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕಾನು ಮತ್ತು ಹಕ್ಕಿಗಳು

ನಮ್ಮ ತಾಲ್ಲೂಕಿನ ಕಾನುಗಳು ಹಿಂದಿನಿಂದಲೂ ಹೆಸರಾದವು. ಕಾನು ಅಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿನ ತುಂಡು. ಸುತ್ತ ಗದ್ದೆ, ಬ್ಯಾಣ ಇದ್ದರೂ ನಡುವೆ ಕಾನು ಕಪ್ಪಗೆ ಕಾಣುತ್ತದೆ. ಅಲ್ಲಿ ಬೈನೆ ಮರ, ಮರಕ್ಕೆ ಹಬ್ಬಿದ ಕಾಡುಮೆಣಸು, ದಾಲ್ಚಿನ್ನಿ ಎಲ್ಲ ಇರುತ್ತವೆ. ಬ್ರಿಟಿಷರ ಕಾಲದಲ್ಲಿ, 1868ರಲ್ಲಿ, ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಸೊರಬದ ಕಾನುಗಳ ಮೇಲೆಯೇ ಒಂದು ವರದಿ ಬರೆದಿದ್ದರಂತೆ.

ಕಾನಿನ ಕೆಲಸ ಏನು? ಕಾನಿನ ನೆಲದ ಮೇಲೆ ದಪ್ಪ ದರಗು ಇರುತ್ತದೆ. ಮಳೆ ನೀರು ಓಡಿಹೋಗದೆ ಅದರೊಳಗೆ ಇಂಗುತ್ತದೆ. ಮಳೆಗಾಲ ಮುಗಿದ ಮೇಲೆ ನಿಧಾನವಾಗಿ ಬುಡದಿಂದ ಒಸರುತ್ತದೆ. ಅದೇ ನಮ್ಮ ಹಳ್ಳ. ಅದೇ ನೀರು ಅಡಿಕೆ ತೋಟಕ್ಕೆ ಬರುತ್ತದೆ. ಅದೇ ಮುಂದೆ ಹೋಗಿ ವರದೆ ಆಗುತ್ತದೆ. ಕಾನು ಹೋದರೆ ಹಳ್ಳ ಬೇಸಿಗೆಯಲ್ಲಿ ಒಣಗುತ್ತದೆ ಅಂತ ಅಜ್ಜ ಯಾವಾಗಲೂ ಹೇಳುತ್ತಾರೆ.

ನಮ್ಮ ತಾಲ್ಲೂಕಿನಲ್ಲೇ ಇರುವ ಗುಡವಿ ಪಕ್ಷಿಧಾಮಕ್ಕೂ ಹೋಗಿದ್ವಿ. ಅದು ಒಂದು ಕೆರೆ. ನೀರೊಳಗೆ ನಿಂತ ಮರಗಳ ಮೇಲೆ ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಹಾವಿನ ಹಾಗೆ ಕತ್ತು ಎತ್ತುವ ಹಾವಕ್ಕಿ ಇದ್ದವು. ನನಗೆ ಇಷ್ಟ ಆದದ್ದು ಕೆಂಬರಲು. ಮೈ ಬಿಳಿ, ತಲೆ ಕಪ್ಪು, ಕೊಕ್ಕು ಕುಡುಗೋಲಿನ ಹಾಗೆ ಬಾಗಿದೆ. ಕೆಸರಿನಲ್ಲಿ ಹುಳು ಹುಡುಕಲು ಆ ಕೊಕ್ಕು. ಮರದ ಕೆಳಗೆ ನೀರಿರುವುದರಿಂದ ಬೇರೆ ಪ್ರಾಣಿಗಳು ಗೂಡಿನ ಹತ್ತಿರ ಬರುವುದು ಕಷ್ಟ. ಹಕ್ಕಿಗಳು ಎಷ್ಟು ಜಾಣ ನೋಡಿ!

ಬನವಾಸಿ ಮತ್ತು ತಾಳಗುಂದ

ಚಂದ್ರಗುತ್ತಿಯ ಬೆಟ್ಟ, ಅಲ್ಲಿನ ಹಳೇ ಕೋಟೆ, ಗುಹೆಯಲ್ಲಿರುವ ರೇಣುಕಾಂಬೆಯ ದೇವಸ್ಥಾನ ನೋಡಿಕೊಂಡು ಬನವಾಸಿಗೆ ಹೋದ್ವಿ. ಬನವಾಸಿಯನ್ನು ವರದೆ ಮೂರು ಕಡೆ ಸುತ್ತಿಕೊಂಡಿದೆ. ವೈರಿಗಳು ಬರುವುದು ಕಷ್ಟ, ನೀರಿಗೆ ಬರ ಇಲ್ಲ, ಸುತ್ತ ಗದ್ದೆ. ರಾಜಧಾನಿ ಕಟ್ಟಲು ಇನ್ನೇನು ಬೇಕು? ಕದಂಬರು ಅಲ್ಲಿಂದ ಆಳಿದರು. ಅದಕ್ಕಿಂತ ಮೊದಲೇ, ಎರಡನೇ ಶತಮಾನದಲ್ಲಿ, ಟಾಲೆಮಿ ಎಂಬ ವಿದ್ವಾಂಸ ದೂರದ ಈಜಿಪ್ಟಿನಲ್ಲಿ ಕೂತು ಬರೆದ ಭೂಗೋಳದ ಪುಸ್ತಕದಲ್ಲಿ ಬನವಾಸಿಯ ಹೆಸರಿದೆ. ಹತ್ತನೇ ಶತಮಾನದ ಆದಿಕವಿ ಪಂಪನೂ ಈ ಸೀಮೆಯನ್ನು ತುಂಬಾ ಪ್ರೀತಿಯಿಂದ ನೆನೆದಿದ್ದಾನೆ.

ಮಧುಕೇಶ್ವರ ದೇವಸ್ಥಾನದಲ್ಲಿ ದೊಡ್ಡ ನಂದಿ, ಕಲ್ಲಿನ ಮಂಚ, ಐದು ಹೆಡೆಯ ನಾಗರ ಕಲ್ಲು ಇವೆ. ಆ ನಾಗರ ಕಲ್ಲಿನ ಮೇಲೆ ಪ್ರಾಕೃತ ಭಾಷೆಯ ಬರಹ ಇದೆ. ಅದು ಕದಂಬರಿಗಿಂತಲೂ ಹಳೆಯದು.

ಕದಂಬರ ಕಥೆ ನಮಗೆ ಗೊತ್ತಾದದ್ದು ಹೇಗೆ? ಇದಕ್ಕೆ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಬೇಕು. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಕಲ್ಲಿನ ಕಂಬ ಇದೆ. ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಕಾವ್ಯವನ್ನು ಅದರ ಮೇಲೆ ಕೆತ್ತಿದ್ದಾರೆ. ಮಯೂರಶರ್ಮ ಎಂಬುವನು ಓದಲೆಂದು ತನ್ನ ಅಜ್ಜನ ಜೊತೆ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯಿತು. ಅವಮಾನ ತಡೆಯದೆ ಕತ್ತಿ ಹಿಡಿದು, ಕಾಡಿನಲ್ಲಿ ಸೈನ್ಯ ಕಟ್ಟಿ, ಕೊನೆಗೆ ರಾಜನಾದ. ಇದು ನಾಲ್ಕನೇ ಶತಮಾನದ ಮಾತು. ಆ ಕಂಬ ಇಲ್ಲದಿದ್ದರೆ ಈ ಪಾಠ ನಮ್ಮ ಪುಸ್ತಕದಲ್ಲಿ ಇರುತ್ತಿರಲಿಲ್ಲ.

ಇನ್ನೊಂದು ವಿಷಯ ಕೇಳಿ. ಕನ್ನಡದ ಅತಿ ಹಳೆಯ ಶಾಸನ ಯಾವುದು ಅಂದರೆ ಎಲ್ಲರೂ "ಹಲ್ಮಿಡಿ, ಸುಮಾರು ಕ್ರಿ.ಶ. 450" ಅನ್ನುತ್ತೇವೆ. ಆದರೆ 2013ರ ಹೊತ್ತಿಗೆ ತಾಳಗುಂದದಲ್ಲಿ ನೆಲ ಅಗೆದಾಗ ಸಿಂಹದ ಕೆತ್ತನೆ ಇರುವ ಮೆಟ್ಟಿಲ ಪಕ್ಕದ ಕಲ್ಲು ಸಿಕ್ಕಿತು. ಅದರ ಮೇಲೂ ಕನ್ನಡದ ಮಾತು ಇದೆ. ಅದು ಕ್ರಿ.ಶ. 370ರ ಕಾಲದ್ದು ಎಂದು ಪುರಾತತ್ವ ಇಲಾಖೆಯವರು ಹೇಳಿದ್ದಾರೆ. ಮಣ್ಣಿನಡಿ ಇದ್ದ ಒಂದು ಕಲ್ಲಿನಿಂದ ಕನ್ನಡದ ವಯಸ್ಸೇ ಹೆಚ್ಚಾಯಿತು.

ವೀರಗಲ್ಲು ಓದುವುದು ಹೇಗೆ?

ಬನವಾಸಿ ದೇವಸ್ಥಾನದ ಅಂಗಳದಲ್ಲಿ ವೀರಗಲ್ಲುಗಳನ್ನು ನೋಡಿದೆ. ಅಕ್ಷರ ಬಾರದವರೂ ಅದನ್ನು ಓದಬಹುದು. ಕೆಳಗಿನಿಂದ ಮೇಲಕ್ಕೆ ಓದಬೇಕು.

1. ಕೆಳಗಿನ ಪಟ್ಟಿಕೆ: ವೀರ ಹೇಗೆ ಸತ್ತ ಎಂಬುದು. ಯುದ್ಧ ಇರಬಹುದು. ದನ ಕೆತ್ತಿದ್ದರೆ, ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರಿನ ದನ ಬಿಡಿಸಲು ಹೋಗಿ ಸತ್ತ ಅಂತ ಅರ್ಥ.
2. ನಡುವಿನ ಪಟ್ಟಿಕೆ: ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗುವುದು.
3. ಮೇಲಿನ ಪಟ್ಟಿಕೆ: ಅವನು ಶಿವಲಿಂಗದ ಎದುರು ಕೂತಿರುವುದು.
4. ತುದಿಯಲ್ಲಿ ಸೂರ್ಯ, ಚಂದ್ರ: ಸೂರ್ಯ ಚಂದ್ರ ಇರುವ ತನಕ ಇವನ ಹೆಸರು ಇರಲಿ ಅಂತ.

ಬಳೆ ತೊಟ್ಟ ಕೈ ಕೆತ್ತಿದ್ದರೆ ಅದು ಮಾಸ್ತಿಗಲ್ಲು. ಹಸು ಮತ್ತು ಕರು ಇದ್ದರೆ ಹೆಚ್ಚಾಗಿ ದಾನ ಕೊಟ್ಟ ಶಾಸನ. ಕೆತ್ತನೆ ಸವೆದಿದ್ದರೆ ಬೆಳಿಗ್ಗೆ ಅಥವಾ ಸಂಜೆ ನೋಡಬೇಕು. ಓರೆ ಬಿಸಿಲಿನಲ್ಲಿ ನೆರಳು ಬಿದ್ದು ಗೆರೆಗಳು ಎದ್ದು ಕಾಣುತ್ತವೆ. ಮಧ್ಯಾಹ್ನ ಏನೂ ಕಾಣುವುದಿಲ್ಲ.

ನಮ್ಮ ಸಂಕದ ಕಲ್ಲು

ಈಗ ನಾನು ಹೇಳಬೇಕಾದ ಮುಖ್ಯ ವಿಷಯ. ನಮ್ಮ ತೋಟದ ಕೆಳಗೆ ಹಳ್ಳ ದಾಟಲು ಅಡಿಕೆ ಮರದ ಸಂಕ ಇದೆ. ಅದರ ಪಕ್ಕ ಒಂದು ಕಲ್ಲು ಅರ್ಧ ಹೂತು ಓರೆಯಾಗಿ ನಿಂತಿದೆ. ಅದಕ್ಕೆ ನಾವು ಕರು ಕಟ್ಟುತ್ತೇವೆ. ಅದರ ತಲೆಯ ಮೇಲೆ ಕತ್ತಿ ಮಸೆಯುತ್ತೇವೆ. ಹುಲ್ಲು ಕೊಯ್ಯಲು ಹೋಗುವಾಗ ನಾನೂ ಎಷ್ಟೋ ಸಲ ಮಸೆದಿದ್ದೇನೆ.

ಬನವಾಸಿಯಿಂದ ಬಂದ ಮರುದಿನ ಸಂಜೆ ಹೋಗಿ ನೋಡಿದೆ. ಹಾವಸೆಯ ಅಡಿಯಲ್ಲಿ ಲಿಂಗ ಕಂಡಿತು. ಅದರ ಪಕ್ಕ ಕೂತ ಮನುಷ್ಯ. ಅವನ ಕೆಳಗೆ ಅಪ್ಸರೆಯರ ತಲೆ. ಆಮೇಲೆ ಮಣ್ಣು. ತುದಿಯಲ್ಲಿ ಎಡಗಡೆ ಸೂರ್ಯ ಇದ್ದ. ಬಲಗಡೆ ಚಂದ್ರ ಇರಬೇಕಾದ ಜಾಗದಲ್ಲಿ ಕತ್ತಿ ಮಸೆದ ಗುಳಿ ಇತ್ತು. ಎಷ್ಟು ನುಣ್ಣಗಾಗಿತ್ತು ಅಂದರೆ ಬೆರಳಿಟ್ಟರೆ ಜಾರುತ್ತಿತ್ತು. ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು. ಸೂರ್ಯ ಚಂದ್ರ ಇರುವ ತನಕ ಅಂತ ಯಾರೋ ಕೆತ್ತಿಸಿದ್ದರು. ಚಂದ್ರನನ್ನು ನಾವೇ ಮಸೆದು ತೆಗೆದಿದ್ದೆವು.

ಅಪ್ಪನಿಗೆ ಹೇಳಿದೆ. "ಅಜ್ಜನ ಕಾಲದಿಂದ ಅಲ್ಲೇ ಮಸೀತಾ ಇದ್ದೀವಲ್ಲೇ, ಈಗೇನಾಯ್ತು?" ಅಂದರು. ಮೇಷ್ಟ್ರಿಗೆ ಹೇಳಿ, "ಕೆಳಗಿನ ಪಟ್ಟಿಕೆ ನೋಡಲು ಅಗೆಯಲಾ?" ಅಂತ ಕೇಳಿದೆ. ಅವರು ಬೇಡ ಅಂದರು. ಸುತ್ತಲ ಮಣ್ಣಿನಿಂದಲೂ ಕಾಲ ತಿಳಿಯುತ್ತದಂತೆ. ಅದನ್ನು ಬಲ್ಲವರೇ ಅಗೆಯಬೇಕು. ಹಾಗಾಗಿ ಅವನು ಹೇಗೆ ಸತ್ತ ಅಂತ ನನಗೆ ಇನ್ನೂ ಗೊತ್ತಿಲ್ಲ. ನಮ್ಮೂರಿನ ದನ ಬಿಡಿಸಲು ಹೋಗಿ ಸತ್ತಿರಬಹುದು. ಅವನ ಕಲ್ಲಿಗೇ ನಾವು ಕರು ಕಟ್ಟಿದ್ದೇವೆ.

ನಾಲ್ಕು ದಿನ ಆದ ಮೇಲೆ ಅಪ್ಪ ಎಲ್ಲಿಂದಲೋ ಒಂದು ಬೋಳುಕಲ್ಲು ತಂದು ಸಂಕದ ಈಚೆ ಹಾಕಿದರು. "ಇನ್ನು ಇದರ ಮೇಲೆ ಮಸೆ" ಅಂದರು. ಬೇರೆ ಏನೂ ಹೇಳಲಿಲ್ಲ. ಕರುವಿಗೆ ಗೂಟ ಹೊಡೆದರು.

ಗೆಳೆಯರೇ, ನಮ್ಮ ಸೊರಬ ಸೀಮೆಯಲ್ಲಿ ಇಂಥ ಕಲ್ಲುಗಳು ಬಹಳ ಇವೆ. ಬೆಂಗಳೂರಿನಲ್ಲಿ ಹುಟ್ಟಿದ ಬಿ.ಎಲ್. ರೈಸ್ ಎಂಬ ಇಂಗ್ಲಿಷರು ಸೊರಬ, ಸಾಗರ ತಾಲ್ಲೂಕುಗಳ ಶಾಸನಗಳನ್ನು ಹುಡುಕಿಸಿ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆಗ ಕಂಡ ಅಕ್ಷರ ಈಗಲೂ ಕಾಣಬೇಕು ಅಂದರೆ ಇಷ್ಟು ಮಾಡೋಣ:

• ಕೆತ್ತಿದ ಕಲ್ಲಿನ ಮೇಲೆ ಕತ್ತಿ ಮಸೆಯಬಾರದು, ಬಟ್ಟೆ ಒಗೆಯಬಾರದು.
• ಸುಣ್ಣ, ಬಣ್ಣ ಬಳಿಯಬಾರದು. ಹೆಸರು ಗೀಚಬಾರದು.
• ತಂತಿ ಬ್ರಷ್ಷಿನಲ್ಲಿ ಉಜ್ಜಬಾರದು. ಕಲ್ಲನ್ನು ಕೀಳಬಾರದು, ಅಗೆಯಬಾರದು.
• ಎಲ್ಲಿದೆ, ಏನು ಕೆತ್ತಿದೆ ಅಂತ ಚಿತ್ರ ಬರೆದು ಮೇಷ್ಟ್ರಿಗೆ ಕೊಡಬೇಕು.

ಪ್ರಶ್ನೆಗಳು (ಉತ್ತರ ಬರೆದು ನನ್ನ ಕೈಗೆ ಕೊಡಿ)

1. ನಿಮ್ಮ ಮನೆ ಹತ್ತಿರದ ಹಳ್ಳ ಯಾವ ಕಾನಿನಿಂದ ಬರುತ್ತದೆ?
2. ವರದೆ ಮತ್ತು ಶರಾವತಿ ಬೇರೆ ಬೇರೆ ಸಮುದ್ರ ಸೇರುವುದು ಏಕೆ?
3. ನಿಮ್ಮ ಓಣಿಯಲ್ಲಿ, ತೋಟದಲ್ಲಿ, ಗುಡಿಯ ಹಿಂದೆ ಕೆತ್ತಿದ ಕಲ್ಲು ಇದೆಯೇ? ಅದರಲ್ಲಿ ಚಂದ್ರ ಇದ್ದಾನೆಯೇ?

ಮೂರನೇ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಸಂಜೆ ಹೊತ್ತು ಹೋಗಿ ನೋಡಿ.

— ಏಳನೇ ತರಗತಿ