ಕೋಡಿಯ ಬದಿಯ ಮನೆ



ಅದೊಂದು ಮಳೆಗಾಲದ ಭಾನುವಾರ. ಪೂಜೆ ಮುಗಿಸಿ ಹೊರಬರುತ್ತಿದ್ದಂತೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಬಂದು ನಿಂತರು. “ಫಾದರ್, ಈ ವಾರ ನಮ್ಮನೇಲಿ ಜಪಸರ ಬೇಡ. ಬಚ್ಚಲಲ್ಲಿ ಚರಂಡಿ ನೀರು ಉಕ್ಕಿ ಬರ್ತಿದೆ. ಬಂದೋರನ್ನ ಎಲ್ಲಿ ಕೂರಿಸ್ಲಿ?” ಎಂದರು. ಹೇಳುವಾಗ ಅವರು ತಲೆ ತಗ್ಗಿಸಿದ್ದರು, ತಪ್ಪು ತಮ್ಮದೇ ಎಂಬಂತೆ.

ಸಂಜೆ ಅವರ ಮನೆಗೆ ಹೋದೆ. ಬಚ್ಚಲ ತೂತಿಗೆ ಗೋಣಿಚೀಲ ತುರುಕಿ ಮೇಲೊಂದು ಕಲ್ಲು ಹೇರಿದ್ದರು. ಅಕ್ಕಿ ಡಬ್ಬ, ಮಕ್ಕಳ ಪುಸ್ತಕ, ಹಾಸಿಗೆ ಎಲ್ಲವೂ ಮಂಚದ ಮೇಲೆ. ನಾತದಲ್ಲಿ ಉಸಿರಾಡುವುದೇ ಕಷ್ಟ. ಮನೆಯ ಯಜಮಾನರು ಕೈಮುಗಿದು, “ನಿಮಗೆ ಆಫೀಸಲ್ಲಿ ಯಾರಾದ್ರೂ ಪರಿಚಯ ಇದ್ರೆ ಒಂದು ಮಾತು ಹೇಳಿ ಫಾದರ್, ಪುಣ್ಯ ಬರುತ್ತೆ” ಎಂದರು. ನಾನು ಒಬ್ಬರಿಗೆ ಫೋನ್ ಮಾಡಿದೆ. ಮರುದಿನ ಸಕ್ಕಿಂಗ್ ಗಾಡಿ ಬಂತು, ಮ್ಯಾನ್‌ಹೋಲ್ ಖಾಲಿಯಾಯಿತು, ಎಲ್ಲರೂ ನನಗೆ ವಂದಿಸಿದರು. ಹತ್ತು ದಿನಕ್ಕೆ ಮತ್ತೆ ಮಳೆ, ಮತ್ತೆ ಅದೇ ಗೋಣಿಚೀಲ. ಆಗ ನನಗೆ ನಾಚಿಕೆಯಾಯಿತು. ಅವರಿಗೆ ಹಕ್ಕಾಗಿ ಸಿಗಬೇಕಾದದ್ದನ್ನು ನಾನು ಪರಿಚಯದ ಉಪಕಾರವಾಗಿ ಕೊಡಿಸಿದ್ದೆ. ಉಪಕಾರ ಒಂದು ದಿನಕ್ಕೆ ಮುಗಿಯಿತು. ಕೊಳವೆ ಹಾಗೆಯೇ ಉಳಿಯಿತು.

ಚರಂಡಿ ಸರಿಪಡಿಸಿ ಎಂದು ಪುರಸಭೆಯನ್ನೋ ಪಂಚಾಯಿತಿಯನ್ನೋ ಕೇಳುವುದು ಬೇಡುವಿಕೆಯೇ, ರಾಜಕೀಯವೇ, ಅಥವಾ ಒಂದು ಕರ್ತವ್ಯವೇ? ಇದೇ ಈ ವಾರದ ಪಾಠ.

ನೀರು ಕಲಿಸುವ ಮೊದಲ ಪಾಠ

ನೀರಿಗೆ ಒಂದೇ ನಿಯಮ: ತಗ್ಗಿಗೆ ಹರಿಯುವುದು. ಕೊಳವೆ ಮುಂದೆ ಕಟ್ಟಿಕೊಂಡರೆ ಹಿಂದಿನ ನೀರು ಏರುತ್ತಾ ಬಂದು, ಅತ್ಯಂತ ಕೆಳಗಿರುವ ತೆರೆದ ಬಾಯಿಯನ್ನು ಹುಡುಕುತ್ತದೆ. ಆ ಬಾಯಿ ಬಹುಮಟ್ಟಿಗೆ ಬೀದಿಯ ಕೊನೆಯ ಮನೆಯ ಬಚ್ಚಲು. ಅಂದರೆ ಮೇಲಿನ ಮನೆಯವರು ಎಸೆದ ಪ್ಲಾಸ್ಟಿಕ್, ಹೋಟೆಲಿನ ಜಿಡ್ಡು, ಕಟ್ಟಡದ ಮರಳು, ಎಲ್ಲದರ ಲೆಕ್ಕವನ್ನೂ ಕೆಳಗಿನ ಮನೆಯವರು ತೀರಿಸುತ್ತಾರೆ.

ಕಾರಣಗಳು ಇನ್ನೂ ಇವೆ. ಒಳಚರಂಡಿಯ ಕೊಳವೆಯನ್ನು ಮನೆಬಳಕೆಯ ಕೊಳಚೆ ನೀರಿಗೆಂದು ಲೆಕ್ಕ ಹಾಕಿ ಹೂಳಿರುತ್ತಾರೆ. ನಾವು ಮಾಳಿಗೆಯ ಮಳೆನೀರನ್ನೂ ಅದಕ್ಕೇ ಜೋಡಿಸುತ್ತೇವೆ. ಹಳೆಯ ಡಾಂಬರು ಕೀಳದೆ ಅದರ ಮೇಲೇ ಮತ್ತೆ ಮತ್ತೆ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಮನೆಗಳು ತಗ್ಗಾಗುತ್ತವೆ. ರಾಜಕಾಲುವೆಯ ಮೇಲೆ ಅಂಗಡಿ, ಕೆರೆಯಂಗಳದಲ್ಲಿ ನಿವೇಶನ ಬರುತ್ತವೆ. ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ.

ಇದು ಬಡವರ ಪಾಡು ಮಾತ್ರ ಎಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗ ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಕೋಟಿಗಟ್ಟಲೆ ಬೆಲೆಯ ಬಂಗಲೆಗಳಲ್ಲಿದ್ದವರನ್ನು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಆದರೆ ನೀರು ಇಳಿದ ಮೇಲೆ ಬಂಗಲೆಯವರಿಗೆ ಹೋಗಲು ಬೇರೆ ಮನೆ ಇರುತ್ತದೆ. ಗುಡಿಸಲಿನವರಿಗೆ ಇರುವುದಿಲ್ಲ.

ಬಳ್ಳಿಗಾವಿಯ ಹಿರಿಯರು ಕಂಡಿದ್ದು

ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆಗಳ ನಾಡು. ಕೆರೆ ಕಟ್ಟಿದ ನಮ್ಮ ಹಿರಿಯರು ಏರಿ, ತೂಬು, ಕೋಡಿ ಎಂಬ ಮೂರನ್ನೂ ಒಟ್ಟಿಗೇ ಯೋಚಿಸುತ್ತಿದ್ದರು. ಏರಿ ನೀರನ್ನು ಹಿಡಿಯುತ್ತದೆ. ತೂಬು ಗದ್ದೆಗೆ ಕೊಡುತ್ತದೆ. ಕೋಡಿ ಹೆಚ್ಚಾದ ನೀರಿಗೆ ದಾರಿ ಬಿಡುತ್ತದೆ. ಕೋಡಿ ಕಟ್ಟಿಕೊಂಡರೆ ಏರಿಯೇ ಒಡೆಯುತ್ತದೆ. ನೀರು ತರುವುದಷ್ಟೇ ಅಲ್ಲ, ಅದನ್ನು ಊರಿಗೆ ಕೇಡಾಗದಂತೆ ಹೊರಗೆ ಕಳುಹಿಸುವುದೂ ಊರಿನ ಕೆಲಸ ಎಂಬ ತಿಳಿವಳಿಕೆ ಅದು.

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯವಿದೆ. ಅದಕ್ಕೆ ಸೇರಿದ್ದ ಪ್ರಸಿದ್ಧ ಮಠದ ಹೆಸರು ಕೋಡಿಯ ಮಠ. ತಾವರೆಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಅದನ್ನು ವರ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಅಷ್ಟೇ ಅಲ್ಲ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧೋಪಚಾರವಿತ್ತು. ಭಯಗೊಂಡ ಜೀವಿಗಳಿಗೆ ಆಶ್ರಯವಿತ್ತು.

ಆ ಮಠದ ಧರ್ಮ ಬೇರೆ, ನಮ್ಮದು ಬೇರೆ. ಆದರೂ ಈ ಚಿತ್ರ ನಮ್ಮನ್ನು ಯೋಚನೆಗೆ ಹಚ್ಚಬೇಕು. ಅಂದು ಕೋಡಿಯ ಬದಿಯಲ್ಲಿ ದೀನರಿಗೆ ಅನ್ನ, ಔಷಧ, ಅಭಯ ದೊರೆಯುತ್ತಿತ್ತು. ಇಂದು ನಮ್ಮ ಊರುಗಳ ಕೋಡಿಯ ಬದಿಯಲ್ಲಿ, ಅಂದರೆ ಎಲ್ಲ ಚರಂಡಿಗಳೂ ಹೋಗಿ ಸೇರುವ ತಗ್ಗಿನಲ್ಲಿ, ಅದೇ ದೀನರಿದ್ದಾರೆ. ಅವರಿಗೆ ನಾವು ಕಳುಹಿಸುತ್ತಿರುವುದು ನಮ್ಮ ಕೊಳಚೆಯನ್ನು ಮಾತ್ರ.

ದಯೆಯಲ್ಲ, ನ್ಯಾಯ

ಕೆಲವರು ಕೇಳುತ್ತಾರೆ: “ಅಂಥ ತಗ್ಗಿನಲ್ಲಿ ಮನೆ ಕಟ್ಟಿ ಎಂದು ಯಾರು ಹೇಳಿದರು?” ಈ ಪ್ರಶ್ನೆಗೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ 1980ರಲ್ಲೇ ಉತ್ತರ ಕೊಟ್ಟಿದೆ.

ಮಧ್ಯಪ್ರದೇಶದಲ್ಲಿ ರತ್ಲಾಂ ಎಂಬ ಊರು. ಅಲ್ಲಿನ ಒಂದು ವಾರ್ಡಿನಲ್ಲಿ ತೆರೆದ ಚರಂಡಿ, ಮದ್ಯಸಾರ ಕಾರ್ಖಾನೆಯ ಕೊಳಕು ನೀರು, ಶೌಚಾಲಯವಿಲ್ಲದೆ ಬೀದಿಯಲ್ಲೇ ಮಲ. ನಿವಾಸಿಗಳು ದಂಡಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮೊರೆಹೊಕ್ಕರು. ಇದು ಸಾರ್ವಜನಿಕ ಉಪದ್ರವ, ತೆಗೆಸಿಕೊಡಿ ಎಂದರು. ಪುರಸಭೆ ಹೇಳಿದ್ದು ಎರಡು ಮಾತು: ಅಲ್ಲಿಯ ಸ್ಥಿತಿ ಗೊತ್ತಿದ್ದೇ ಇವರು ಅಲ್ಲಿ ನೆಲೆಸಿದ್ದಾರೆ, ನಮ್ಮಲ್ಲಿ ಹಣವಿಲ್ಲ. ಮ್ಯಾಜಿಸ್ಟ್ರೇಟರು ಜನರ ಪರವಾಗಿ ಆದೇಶಿಸಿದರು. ಸೆಷನ್ಸ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಉಚ್ಚ ನ್ಯಾಯಾಲಯ ಮತ್ತೆ ಎತ್ತಿಹಿಡಿಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾದ ವಿ. ಆರ್. ಕೃಷ್ಣ ಅಯ್ಯರ್ ಮತ್ತು ಓ. ಚಿನ್ನಪ್ಪ ರೆಡ್ಡಿ ಅವರು ಪುರಸಭೆಯ ವಾದವನ್ನು ಒಪ್ಪಲಿಲ್ಲ. ಚರಂಡಿ ಕಟ್ಟುವುದು ಪುರಸಭೆಯ ಮೂಲ ಕರ್ತವ್ಯ, ಹಣವಿಲ್ಲವೆಂಬ ನೆಪದಿಂದ ಅದು ತಪ್ಪುವುದಿಲ್ಲ ಎಂಬುದೇ ತೀರ್ಪಿನ ತಿರುಳು. ಅದೇ ಕಲಮು ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿ ಉಳಿದುಕೊಂಡಿದೆ.

ಸಂತ ಲೂಕನ ಶುಭಸಂದೇಶದ 18ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಅಲ್ಲಿನ ವಿಧವೆಗೆ ಹಣವಿಲ್ಲ, ಪರಿಚಯವಿಲ್ಲ, ಫೋನ್ ಮಾಡುವ ಫಾದರೂ ಇಲ್ಲ. ನ್ಯಾಯಾಧೀಶನೋ ದೇವರಿಗೂ ಅಂಜದವನು, ಜನರನ್ನೂ ಲೆಕ್ಕಿಸದವನು. ಆಕೆ ಮತ್ತೆ ಮತ್ತೆ ಬಂದಳು. ಯೇಸುಸ್ವಾಮಿ ಈ ಸಾಮತಿ ಹೇಳಿದ್ದು ಪ್ರಾರ್ಥನೆಯಲ್ಲಿ ಬೇಸರಿಸಬಾರದೆಂದು ಕಲಿಸಲು, ನಿಜ. ಆದರೆ ಆಕೆ ಕೇಳಿದ್ದು ಭಿಕ್ಷೆಯನ್ನಲ್ಲ, ನ್ಯಾಯವನ್ನು ಎಂಬುದನ್ನೂ ಗಮನಿಸಿ.

ಯಾರ ಪಾಲು ಎಷ್ಟು?

ಹಾಗೆಂದು ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಲಾಗದು. ಜಗದ್ಗುರು ಹನ್ನೊಂದನೇ ಪಿಯುಸ್ ಅವರು 1931ರ ವಿಶ್ವಪತ್ರದಲ್ಲಿ ಒಂದು ತತ್ವವನ್ನು ವಿವರಿಸಿದರು. ಚಿಕ್ಕ ಸಮುದಾಯ ತಾನೇ ಮಾಡಬಲ್ಲದ್ದನ್ನು ದೊಡ್ಡದು ಕಿತ್ತುಕೊಳ್ಳಬಾರದು; ದೊಡ್ಡದು ಇರುವುದು ಚಿಕ್ಕದಕ್ಕೆ ನೆರವಾಗಲು. ಇದನ್ನು ಚರಂಡಿಗೆ ಅನ್ವಯಿಸಿದವರೂ ಇದ್ದಾರೆ. ಕರಾಚಿಯ ಓರಂಗಿ ಎಂಬ ಬಡ ಬಡಾವಣೆಯಲ್ಲಿ ಅಖ್ತರ್ ಹಮೀದ್ ಖಾನ್ ಎಂಬ ಹಿರಿಯರು 1980ರಲ್ಲಿ ಕೆಲಸ ಆರಂಭಿಸಿದರು. ಮನೆಯ ಶೌಚಾಲಯ ಮತ್ತು ಓಣಿಯ ಕೊಳವೆಯನ್ನು ಓಣಿಯವರೇ ಸೇರಿ ತಮ್ಮ ಹಣದಿಂದ ಹಾಕಿಕೊಂಡರು. ಓಣಿಗಳನ್ನೆಲ್ಲ ಕೂಡಿಸುವ ದೊಡ್ಡ ಕಾಲುವೆ, ಶುದ್ಧೀಕರಣ ಘಟಕ ಸರ್ಕಾರದ ಪಾಲು ಎಂದು ಗೆರೆ ಎಳೆದರು.

ನಮ್ಮ ಪಾಲಿನ ಗೆರೆಯೂ ಸ್ಪಷ್ಟವಿರಲಿ. ಮಾಳಿಗೆಯ ನೀರನ್ನು ಒಳಚರಂಡಿಗೆ ಬಿಡದಿರುವುದು, ಬಟ್ಟೆ, ಪ್ಯಾಡ್, ಜಿಡ್ಡನ್ನು ಹಾಕದಿರುವುದು, ಚರಂಡಿಯ ಮೇಲೆ ಮೆಟ್ಟಿಲು ಕಟ್ಟದಿರುವುದು, ಮನೆಗಂದಾಯವನ್ನು ಸಕಾಲಕ್ಕೆ ಕಟ್ಟುವುದು ನಮ್ಮ ಪಾಲು. ಇಳಿಜಾರು ಸರಿಯಿರುವ ಕೊಳವೆ, ಮಳೆಗೆ ಮುಂಚೆ ಹೂಳೆತ್ತುವುದು, ರಾಜಕಾಲುವೆಯ ಒತ್ತುವರಿ ತೆರವು ಅವರ ಪಾಲು. ನಮ್ಮ ಪಾಲನ್ನು ಮಾಡಿದವರ ಮಾತಿಗೆ ಕಚೇರಿಯಲ್ಲಿ ತೂಕ ಹೆಚ್ಚು.

ಗುಂಡಿಗೆ ಇಳಿಯುವವರು

ಇಲ್ಲಿ ಒಂದು ಎಚ್ಚರಿಕೆ. “ಇವತ್ತೇ ಸರಿಯಾಗಬೇಕು” ಎಂದು ನಾವು ಕೂಗಿದಾಗ, ಯಂತ್ರ ಬರದಿದ್ದರೆ ಗುಂಡಿಗೆ ಇಳಿಯುವವನು ಒಬ್ಬ ಮನುಷ್ಯ. ಅವನೂ ಯಾವುದೋ ಮನೆಯ ತಂದೆ. ಒಳಗಿನ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯಬಲ್ಲದು. 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರ ಕೇಂದ್ರ ಕಾಯಿದೆ, ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೂ ಶೌಚಗುಂಡಿಗೂ ಇಳಿಸಬಾರದು ಎನ್ನುತ್ತದೆ. ಈ ಮಾತು ಅಧಿಕಾರಿಗಷ್ಟೇ ಅಲ್ಲ, ನೂರಿನ್ನೂರು ಕೊಟ್ಟು ಮನೆಯ ಗುಂಡಿಗೆ ಆಳನ್ನು ಇಳಿಸುವ ನಮಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೆ ಯಾವ ಮೊತ್ತವೂ ಮಗುವಿಗೆ ಅಪ್ಪನನ್ನು ಮರಳಿಸದು.

ನಮ್ಮ ನೆರೆಯ ಹಾವೇರಿ ಜಿಲ್ಲೆಯ ಸವಣೂರನ್ನು ಮರೆಯುವಂತಿಲ್ಲ. ತಲೆತಲಾಂತರದಿಂದ ಊರಿನ ಮಲ ತೆಗೆದ ಕುಟುಂಬಗಳನ್ನು ಅವರ ನೆಲೆಯಿಂದ ಎಬ್ಬಿಸುವ ಮಾತು ಬಂದಾಗ, 2010ರ ಜುಲೈನಲ್ಲಿ ಅವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾಡೇ ತಲೆತಗ್ಗಿಸಿತು. ಕೋಡಿ ಕಟ್ಟಿದ ಕೆರೆಯ ಏರಿ ಒಡೆಯುವಂತೆ, ಕೇಳುವ ಕಿವಿ ಇಲ್ಲದಾಗ ನೋವು ಹೀಗೆ ಒಡೆಯುತ್ತದೆ. ಆದ್ದರಿಂದ ನಮ್ಮ ಮನವಿಯಲ್ಲಿ “ಯಂತ್ರದಿಂದಲೇ ಸ್ವಚ್ಛಗೊಳಿಸಬೇಕು, ಯಾರನ್ನೂ ಇಳಿಸಬಾರದು” ಎಂಬ ಒಂದು ಸಾಲು ಇರಲೇಬೇಕು.

ಮನವಿ ಸಲ್ಲಿಸುವ ಬಗೆ

1. ಒಬ್ಬರೇ ಹೋಗಬೇಡಿ. ಬೀದಿಯವರೆಲ್ಲ ಸೇರಿ, ಜಾತಿ, ಮತ, ಪಕ್ಷ ನೋಡದೆ. ನೀರು ಅವನ್ನು ನೋಡುವುದಿಲ್ಲ. ಮೊದಲ ಸಹಿ ಅತ್ಯಂತ ತಗ್ಗಿನ ಮನೆಯವರದ್ದಾಗಲಿ.

2. ಒಂದೇ ಪುಟ, ಸರಳ ಕನ್ನಡ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಮನೆಗೆ, ಎಷ್ಟು ಎತ್ತರಕ್ಕೆ ನೀರು ಬಂತು ಎಂದು ಬರೆಯಿರಿ. ಫೋಟೋ, ಕೈಯಲ್ಲೇ ಬರೆದ ಬೀದಿಯ ನಕ್ಷೆ ಲಗತ್ತಿಸಿ. ಬೈಗುಳ ಬೇಡ.

3. ಪಟ್ಟಣದಲ್ಲಿ ಮುಖ್ಯಾಧಿಕಾರಿಗೆ ಮತ್ತು ವಾರ್ಡಿನ ಸದಸ್ಯರಿಗೆ, ಹಳ್ಳಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಡಿ. ಅನೇಕ ಪಟ್ಟಣಗಳಲ್ಲಿ ಒಳಚರಂಡಿ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ನೋಡಿಕೊಳ್ಳುವುದು ಪುರಸಭೆ. ಇಬ್ಬರೂ ಇನ್ನೊಬ್ಬರತ್ತ ಕೈತೋರಿಸದಂತೆ ಇಬ್ಬರಿಗೂ ಪ್ರತಿ ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

4. ಹಳ್ಳಿಯಲ್ಲಿ ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಹೋಗಿ ಮಾತನಾಡಿ, ನಿಮ್ಮ ಮಾತು ನಡವಳಿಗೆ ಸೇರಿತೇ ನೋಡಿ. ತಾಯಂದಿರು ತಪ್ಪದೆ ಹೋಗಬೇಕು. ಬಚ್ಚಲ ನೀರನ್ನು ಬಳಿದವರು ಅವರು.

5. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಆಮೇಲೂ ಕದಲದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ರತ್ಲಾಂ ಜನರ ದಾರಿ ತೆರೆದೇ ಇದೆ.

6. ಕಾಲ ನೋಡಿ ಕೇಳಿ. ನಾವು ಮಳೆಯಲ್ಲಿ ಕೂಗುತ್ತೇವೆ, ಬೇಸಿಗೆಯಲ್ಲಿ ಮರೆಯುತ್ತೇವೆ. ಹೊಸ ಕೊಳವೆಗೆ ಹಣ ಬರುವುದು ಆಯವ್ಯಯದಿಂದ. ಅದು ಸಿದ್ಧವಾಗುವ ಚಳಿಗಾಲದಲ್ಲೇ ಮನವಿ ಮೇಜಿನ ಮೇಲಿರಬೇಕು.

ಕೊನೆಯ ಮಾತು

ನಮ್ಮ ಆ ಬೀದಿಯ ಕಥೆ ಏನಾಯಿತು? ಎರಡನೆಯ ಸಲ ನಾನು ಫೋನ್ ಮಾಡಲಿಲ್ಲ. ಬೀದಿಯ ಕ್ರೈಸ್ತರು, ಹಿಂದೂಗಳು, ಮುಸಲ್ಮಾನರು ಅದೇ ಮನೆಯ ಜಗಲಿಯಲ್ಲಿ ಸೇರಿದರು. ಮನವಿಯನ್ನು ಬರೆದವಳು ಪಿಯುಸಿ ಓದುವ ಹುಡುಗಿ. ಮೂರು ಸಲ ಹೋಗಿ ಬಂದರು. ಮುಂದಿನ ಮಳೆಗೆ ಮುಂಚೆ ಹೂಳು ತೆಗೆದರು. ದೊಡ್ಡ ಕೊಳವೆ ಇನ್ನೂ ಬರಬೇಕಿದೆ. ಆ ಜುಲೈನಲ್ಲಿ ಆ ಮನೆಯಲ್ಲಿ ಜಪಸರ ನಡೆಯಿತು. ಗೋಣಿಚೀಲ ಬಚ್ಚಲ ಮೂಲೆಯಲ್ಲಿ ಒಣಗಿತ್ತು. ಅದನ್ನು ಎಸೆಯಲು ತಾಯಿ ಇನ್ನೂ ಒಪ್ಪಿಲ್ಲ. “ಕೊಳವೆ ಬರಲಿ ಫಾದರ್, ಆಮೇಲೆ ನೋಡೋಣ” ಎನ್ನುತ್ತಾರೆ. ಆದರೆ ಈಗ ಹಾಗೆನ್ನುವಾಗ ಅವರು ತಲೆ ತಗ್ಗಿಸುವುದಿಲ್ಲ.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಬೀದಿಯ ಅತ್ಯಂತ ತಗ್ಗಿನ ಮನೆ ಯಾರದು? ಈ ವಾರ ಮಕ್ಕಳೊಂದಿಗೆ ನಡೆದು ಹೋಗಿ ನೋಡಿರಿ.

2. ನಮ್ಮ ಪಾಲಿನ ಕೆಲಸದಲ್ಲಿ ನಾವು ತಪ್ಪಿರುವುದು ಯಾವುದು?

3. ನಮ್ಮ ಊರಿನ ಚರಂಡಿ ತೆಗೆಯುವವರ ಹೆಸರು ನಮಗೆ ಗೊತ್ತೇ?

4. ಮುಂದಿನ ಕಿರು ಸಮುದಾಯದ ಸಭೆಯಲ್ಲಿ ಲೂಕ 18:1–8ನ್ನು ಓದಿರಿ. ಪ್ರಾರ್ಥನೆ ಮುಗಿದ ಮೇಲೆ, ನೆರೆಯವರನ್ನೂ ಕರೆದು, ಒಂದು ಮನವಿ ಬರೆಯಿರಿ.