ತೊಟ್ಟಿಯಲ್ಲಿ ಬೆಳೆದ ಮೀನು

ಮಗಾ, ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಸಿಯಾಟಲ್‌ನ ಗ್ರೀನ್ ಲೇಕ್ ದಂಡೆಯಲ್ಲಿ ಆರು ಗಂಟೆ ಕೂತೆ, ಒಂದು ಮೀನೂ ಗಾಳ ಮುಟ್ಟಲಿಲ್ಲ. ನಾಲ್ಕು ಮಾರು ಆಚೆ ಕೂತಿದ್ದ ಅಜ್ಜ ಹತ್ತು ಗಂಟೆಗೆಲ್ಲ ಐದು ಟ್ರೌಟ್ ಹಿಡಿದುಕೊಂಡು ಎದ್ದು ಹೋದ. "ನಂಗೆ ಅದೃಷ್ಟ ಇಲ್ಲ ದೊಡ್ಡಪ್ಪ" ಅಂದೆಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಆ ಮೀನು ಎಲ್ಲಿಂದ ಬಂತು ಅನ್ನುವುದು ಅವನಿಗೆ ಗೊತ್ತಿತ್ತು. ನಿನಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಊರಲ್ಲಿ ನಾವು ಕಲಿತ ಗಾಳ ಬೇರೆ. ತುಂಗೆಯ ಮಡುವಿನ ಮೀನು ಹುಟ್ಟಿದಂದಿನಿಂದ ಆ ನೀರನ್ನೇ ಬಲ್ಲದ್ದು. ಯಾವ ಬಂಡೆಯ ಮರೆ, ಯಾವ ಬೇರಿನ ಸಂದು ಎಂದು ಅದಕ್ಕೆ ಗೊತ್ತಿರುತ್ತದೆ, ನಾವು ಆ ಮರೆಗಳನ್ನೇ ಹುಡುಕಿ ಗಾಳ ಬಿಡುತ್ತಿದ್ದೆವು. ಈ ಕೆರೆಗಳ ಟ್ರೌಟ್ ಹಾಗಲ್ಲ. ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಹ್ಯಾಚರಿಯಲ್ಲಿ ಬೆಳೆದು, ಟ್ಯಾಂಕರ್ ಲಾರಿಯಲ್ಲಿ ಬಂದು, ಕೊಳವೆಯಿಂದ ಕೆರೆಗೆ ಬಿದ್ದದ್ದು. ಹೋದ ವಾರದವರೆಗೂ ಅದು ಕೆರೆಯನ್ನೇ ಕಂಡಿರಲಿಲ್ಲ.

ನಾನು ಈ ದೇಶಕ್ಕೆ ಬಂದ ಮೊದಲ ವಸಂತದಲ್ಲಿ ನನಗೂ ಎರಡು ತಿಂಗಳು ಬರಿಗೈಯೇ. ಬಲ ಇದ್ದಷ್ಟೂ ದೂರ ಎಸೆಯುತ್ತಿದ್ದೆ. ಒಂದು ದಿನ ಹ್ಯಾಚರಿ ನೋಡಲು ಹೋದೆ. ಉದ್ದನೆಯ ಕಾಂಕ್ರೀಟ್ ತೊಟ್ಟಿಗಳು, ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುವ ತಣ್ಣನೆಯ ನೀರು. ಕೆಲಸದವರು ಮೇವಿನ ಕಾಳನ್ನು ಹಿಡಿಹಿಡಿಯಾಗಿ ಎರಚಿದ್ದೇ ತಡ, ತೊಟ್ಟಿಯ ಮೇಲ್ಮೈ ಎಸರಿನ ಹಾಗೆ ಕುದಿಯಿತು. ಮೇವು ಮುಗಿದ ಮೇಲೆ ಅವೇ ಮೀನುಗಳು ಗುಂಪುಗಟ್ಟಿ ಗೋಡೆಯ ಗುಂಟ ತಿರುಗತೊಡಗಿದವು. ನಾನು ಅಲ್ಲೇ ಬಹಳ ಹೊತ್ತು ನಿಂತೆ. ಇವುಗಳಿಗೆ ಗೊತ್ತಿರುವುದು ಮೂರೇ: ಗುಂಪು, ಗೋಡೆ, ಮೇಲಿನಿಂದ ಬೀಳುವ ಸಣ್ಣ ಕಾಳು. ನಿನಗೆ ಹೇಳಬೇಕಾದ್ದೆಲ್ಲ ಆ ಮೂರರಲ್ಲೇ ಇದೆ.

ಕೆರೆಗೆ ಬಿದ್ದ ಮೀನು ಮೊದಲ ದಿನ ಕಂಗಾಲಾಗಿರುತ್ತದೆ, ಅಷ್ಟಾಗಿ ತಿನ್ನುವುದಿಲ್ಲ. ಆಮೇಲಿನ ಕೆಲವು ದಿನ ಬಿಟ್ಟ ಜಾಗದ ಸುತ್ತಲೇ ಸುಳಿಯುತ್ತದೆ, ಅಂದರೆ ಲಾರಿ ಹಿಮ್ಮುಖವಾಗಿ ಇಳಿಯಬಲ್ಲ ಕಡೆ, ದೋಣಿ ಇಳಿಸುವ ಇಳಿಜಾರಿನ ಹತ್ತಿರ. ಆಮೇಲೆ ಚದುರಿದರೂ ಗುಂಪು ಬಿಡದೆ ದಂಡೆಯ ಗುಂಟ ತಿರುಗುವುದೇ ಹೆಚ್ಚು. ನೀನು ಕೆರೆಯ ನಡುವಿಗೆ ಎಸೆಯುತ್ತಿದ್ದಾಗ ಮೀನು ನಿನ್ನ ಕಾಲಬುಡದಿಂದ ಇಪ್ಪತ್ತು ಅಡಿಯಲ್ಲಿ ಹಾದುಹೋಗಿರಬಹುದು. ದಂಡೆಗೆ ಸಮಾನಾಂತರವಾಗಿ ಎಸೆ. ಅರ್ಧ ಗಂಟೆ ಕಚ್ಚದಿದ್ದರೆ ಎದ್ದು ಜಾಗ ಬದಲಿಸು. ಗಾಳಿ ಯಾವ ದಂಡೆಗೆ ಬೀಸುತ್ತಿದೆಯೋ ಆ ದಂಡೆಗೆ ಹೋಗು. ಮುಖಕ್ಕೆ ಚಳಿ ಹೊಡೆಯುತ್ತದೆ ನಿಜ, ಆದರೆ ನೀರಿನ ಮೇಲಿನ ಹುಳುಹುಪ್ಪಟೆ ಬಂದು ಸೇರುವುದೂ ಅಲ್ಲಿಯೇ. ಯಾವ ಕೆರೆಗೆ ಯಾವತ್ತು ಎಷ್ಟು ಮೀನು ಬಿಟ್ಟರೆಂದು ಇಲಾಖೆಯೇ ಪ್ರಕಟಿಸುತ್ತದೆ. ಅದನ್ನು ನೋಡದೆ ಮನೆಯಿಂದ ಹೊರಡಬೇಡ.

ಇನ್ನು ಗಾಳ. ನೀನು ಹೇಳಿದ ದಾರ ಕೇಳಿಯೇ ನನಗೆ ಅರ್ಧ ಕಾರಣ ಸಿಕ್ಕಿತು. ಅಷ್ಟು ದಪ್ಪ ದಾರ ತಿಳಿನೀರಲ್ಲಿ ಟ್ರೌಟ್‌ನ ಕಣ್ಣಿಗೆ ಹಗ್ಗದಂತೆ ಕಾಣುತ್ತದೆ. ಕೊಕ್ಕೆಯ ಕಡೆಯ ಎರಡಡಿಗಾದರೂ ನಾಲ್ಕು ಪೌಂಡಿನ ತೆಳು ದಾರ ಕಟ್ಟು. ಅದರ ಮೇಲೆ ಸಣ್ಣ ಸ್ವಿವೆಲ್, ಸ್ವಿವೆಲ್‌ನ ಮೇಲೆ ದಾರದಲ್ಲಿ ಸಲೀಸಾಗಿ ಜಾರುವ ಸೀಸದ ಗುಂಡು. ಗುಂಡು ಜಾರಬೇಕು. ಕಚ್ಚಿದ ಮೀನಿಗೆ ಭಾರ ತಿಳಿದರೆ ಉಗುಳಿ ಹೋಗುತ್ತದೆ. ಕೊಕ್ಕೆ ಹದಿನಾಲ್ಕು ಅಥವಾ ಹದಿನಾರನೇ ನಂಬರಿನ ಪುಟ್ಟ ಮುಕ್ಕೊಕ್ಕೆ ಸಾಕು. ಅದನ್ನು ಮುಚ್ಚುವಷ್ಟು, ಬಟಾಣಿ ಗಾತ್ರದ ಪವರ್‌ಬೇಟ್ ಉಂಡೆ. ಈ ಹಿಟ್ಟು ನೀರಲ್ಲಿ ತೇಲುತ್ತದೆ. ಗುಂಡು ತಳದಲ್ಲಿ ಕೂರುತ್ತದೆ, ಉಂಡೆ ಒಂದೂವರೆ ಎರಡಡಿ ಮೇಲೆದ್ದು ಪಾಚಿಯಿಂದ ಪಾರಾಗಿ ಮೀನಿನ ಕಣ್ಣಿನ ಮಟ್ಟಕ್ಕೆ ನಿಲ್ಲುತ್ತದೆ. ಎಸೆಯುವ ಮೊದಲು ಕಾಲಬುಡದ ನೀರಲ್ಲಿ ಬಿಟ್ಟು ತೇಲುತ್ತದೋ ಇಲ್ಲವೋ ನೋಡು. ಕೊಕ್ಕೆ ದೊಡ್ಡದಾದರೆ ಮುಳುಗುತ್ತದೆ, ಮುಳುಗಿದರೆ ಕೆಸರಿಗೆ ಉಣಿಸಿದಂತೆ. ನೀನು ಆರು ಗಂಟೆ ಮಾಡಿದ್ದು ಬಹುಶಃ ಅದನ್ನೇ.

ಹೊಸದಾಗಿ ಬಿಟ್ಟ ವಾರದಲ್ಲಿ ಮಾತ್ರ ನಮ್ಮ ಊರಿನ ಪದ್ಧತಿಯೇ ಮೇಲು: ಬೆಂಡು ಕಟ್ಟಿ, ಅದರ ಕೆಳಗೆ ಮೂರು ನಾಲ್ಕಡಿಯಲ್ಲಿ ಎರೆಹುಳದ ತುಂಡು. ತೊಟ್ಟಿಯ ಮೀನು ಇನ್ನೂ ಮೇಲೆಯೇ ನೋಡುತ್ತಿರುತ್ತದೆ. ಕೂರಲು ಬೇಸರವಾದರೆ ಸಣ್ಣ ಸ್ಪಿನ್ನರ್ ಹಾಕಿ ನಿಧಾನವಾಗಿ ಸುತ್ತು, ನಡುನಡುವೆ ನಿಲ್ಲಿಸು. ಮೈಗೆ ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ಉಂಡೆ ಕಟ್ಟಬೇಡ, ಟ್ರೌಟ್‌ಗೆ ವಾಸನೆ ಬಲು ಚೆನ್ನಾಗಿ ಹತ್ತುತ್ತದೆ.

ಇದು ತಣ್ಣೀರಿನ ಜೀವ. ಹತ್ತರಿಂದ ಹದಿನಾರು ಡಿಗ್ರಿ ಸೆಲ್ಸಿಯಸ್ ಇದ್ದಾಗ ಚುರುಕು, ಇಪ್ಪತ್ತು ದಾಟಿದರೆ ಒದ್ದಾಟ, ಏಕೆಂದರೆ ಬಿಸಿಯಾದ ನೀರಲ್ಲಿ ಆಮ್ಲಜನಕ ಕಡಿಮೆ. ನಮ್ಮ ದಕ್ಷಿಣದಲ್ಲಿ ಬ್ರಿಟಿಷರು ಇದನ್ನು ಸಾಕಲು ನೀಲಗಿರಿಯ ಅವಲಾಂಚಿಯವರೆಗೆ ಹತ್ತಬೇಕಾಗಿ ಬಂದದ್ದೂ ಅದಕ್ಕೇ. ಹಾಗಾಗಿ ಏಪ್ರಿಲ್, ಮೇ ಕಳೆದುಕೊಳ್ಳಬೇಡ. ಬೆಳಕು ಹರಿಯುವ ಮೊದಲೇ ದಂಡೆಯಲ್ಲಿರು. ಸೆಕೆ ಏರಿದ ಜುಲೈ, ಆಗಸ್ಟಿನಲ್ಲಿ ಆಳವಿಲ್ಲದ ಕೆರೆಗಳಲ್ಲಿ ಅದನ್ನು ಕಾಡಬೇಡ. ಹಿಡಿದು ಬಿಟ್ಟರೂ ಬದುಕುವುದು ಕಷ್ಟ.

ಲೈಸೆನ್ಸ್ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ನಡೆಯುತ್ತದೆ, ಜೇಬಿನಲ್ಲಿರಲಿ. ಕೆರೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಐದು ಟ್ರೌಟ್. ಹುಳವೋ ಹಿಟ್ಟೋ ಹಾಕಿ ಹಿಡಿದರೆ ಬಿಟ್ಟ ಮೀನೂ ಲೆಕ್ಕಕ್ಕೆ ಸೇರುತ್ತದೆ, ಇದನ್ನು ಮರೆಯಬೇಡ. ಆ ಉಂಡೆಯನ್ನು ಮೀನು ಆಳಕ್ಕೆ ನುಂಗುತ್ತದೆ, ಬಿಟ್ಟರೂ ಬಹಳಷ್ಟು ಸಾಯುತ್ತವೆ. ಆದ್ದರಿಂದ ಸಣ್ಣದು, ದೊಡ್ಡದು ಎಂದು ಆರಿಸುತ್ತಾ ಕೂರುವುದು ತಪ್ಪು. ಆರಿಸಿ ಬಿಡುವ ಮನಸ್ಸಿದ್ದರೆ ಸ್ಪಿನ್ನರ್ ಹಾಕು, ಕೈ ಒದ್ದೆ ಮಾಡಿಕೊಂಡು ನೀರಿನೊಳಗೇ ಬಿಡಿಸು. ದಂಡೆಯಲ್ಲಿ ಬಿದ್ದ ನೈಲಾನ್ ದಾರ ನಿನ್ನದಲ್ಲದಿದ್ದರೂ ಹೆಕ್ಕು. ಬಾತುಕೋಳಿಯ ಕಾಲಿಗೆ ಸುತ್ತಿ ಊದಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ನೋವು ಈಗಲೂ ಇದೆ.

ಇಟ್ಟುಕೊಳ್ಳುವ ಮೀನನ್ನು ಕೂಡಲೇ ಕೊಂದು ಐಸಿನಲ್ಲಿಡು, ಬಿಸಿಲಲ್ಲಿ ಒದ್ದಾಡಲು ಬಿಡಬೇಡ. ಹುರುಪೆ ತೀರ ಸಣ್ಣದು, ಹೆರೆಯುವ ಕೆಲಸವಿಲ್ಲ. ಹೊಟ್ಟೆ ತೆಗೆದು ತೊಳೆದರಾಯಿತು. ಈ ಶನಿವಾರ ಐದು ಗಂಟೆಗೆ ನಾನೂ ಬರುತ್ತೇನೆ. ನಿನ್ನ ದೊಡ್ಡಮ್ಮ ಊರಿಂದ ತಂದ ವಾಟೆಹುಳಿ ಇನ್ನೂ ಒಂದು ಡಬ್ಬಿ ಉಳಿದಿದೆ, ಅರಿಶಿಣ, ಖಾರ ಅರೆದಿಡಲು ಹೇಳಿದ್ದೇನೆ. ನೀನು ಆ ದಪ್ಪ ದಾರ ಬಿಚ್ಚಿ ಬರಿ ರೀಲ್ ತಾ, ಅಲ್ಲೇ ಕೂತು ಬೇರೆ ಸುತ್ತೋಣ.